ಲ್ವಾರ್ ಕಣಿವೆಯಲ್ಲಿ ರೋಡ್ ಬೈಕ್: ಹೊಳೆಗೆ ಎದುರಾಗಿ, ಗಾಳಿಯ ಜೊತೆಗೆ

ನಿಮ್ಮ ಪ್ರಶ್ನೆ ಇದು: ಬೆಂಗಳೂರಿನಿಂದ ಪ್ಯಾರಿಸ್‌ಗೆ ಹೋಗಿ, ಒಂದು ವಾರ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ರೋಡ್ ಬೈಕ್ ಓಡಿಸಬೇಕು, ದಾರಿಯಲ್ಲಿ ಹಳೆಯ ಅರಮನೆ, ಮಠಗಳನ್ನೂ ನೋಡಬೇಕು. ದಿನಕ್ಕೆ 80 ಕಿಲೋಮೀಟರ್ ಓಡಿಸುವ ಅಭ್ಯಾಸ ಇದೆ. ಎಲ್ಲಿಗೆ ಹೋಗುವುದು, ಹೇಗೆ ಹೋಗುವುದು?

ಲ್ವಾರ್ ಕಣಿವೆಗೆ ಹೋಗಿ. ಸೊಮ್ಯೂರ್‌ನಿಂದ ಓರ್ಲಿಯಾನ್‌ವರೆಗಿನ ಭಾಗ ಸಾಕು. ಆದರೆ ದಿನಕ್ಕೆ 80 ಎಂಬ ಲೆಕ್ಕವನ್ನು ಬಿಟ್ಟುಬಿಡಿ. ಇಲ್ಲಿ ದಿನವನ್ನು ಅಳೆಯುವುದು ಕಿಲೋಮೀಟರ್ ಅಲ್ಲ, ಅರಮನೆಯ ಬಾಗಿಲು ಮುಚ್ಚುವ ಹೊತ್ತು ಮತ್ತು ಬೇಕರಿಯ ಬಾಗಿಲು ಮುಚ್ಚುವ ಹೊತ್ತು. ಒಂದು ಅರಮನೆಯನ್ನು ಸರಿಯಾಗಿ ನೋಡಲು ಎರಡರಿಂದ ಮೂರು ಗಂಟೆ ಬೇಕು, ದಿನಕ್ಕೆ ಎರಡಕ್ಕಿಂತ ಹೆಚ್ಚು ಬೇಡ. ಮೂರನೆಯದಕ್ಕೆ ಬರುವಷ್ಟರಲ್ಲಿ ಕಣ್ಣು ದಣಿದಿರುತ್ತದೆ, ಕೊನೆಯ ಪ್ರವೇಶವೂ ಮುಗಿದಿರುತ್ತದೆ.

ಮೊದಲು ದಿಕ್ಕು. ಲ್ವಾರ್ ಪೂರ್ವದಿಂದ ಪಶ್ಚಿಮಕ್ಕೆ, ಅಟ್ಲಾಂಟಿಕ್ ಕಡೆಗೆ ಹರಿಯುತ್ತದೆ. ಹೆಚ್ಚಿನವರು ಹೊಳೆಯ ಜೊತೆ ಹೋದರೆ ಇಳಿಜಾರು ಸಿಗುತ್ತದೆ ಅಂದುಕೊಳ್ಳುತ್ತಾರೆ. ಆ ಇಳಿಜಾರು ಕಾಲಿಗೆ ಗೊತ್ತೇ ಆಗುವುದಿಲ್ಲ, ಅಷ್ಟು ಸಮತಟ್ಟು. ಗೊತ್ತಾಗುವುದು ಗಾಳಿ. ಇಲ್ಲಿ ಬೀಸುವ ಗಾಳಿ ಹೆಚ್ಚಾಗಿ ಪಶ್ಚಿಮದ್ದು. ಪ್ರವಾಹ ತಡೆಯಲು ಕಟ್ಟಿದ ಎತ್ತರದ ಒಡ್ಡುಗಳ ಮೇಲೆಯೇ ಎಷ್ಟೋ ಕಡೆ ರಸ್ತೆ ಸಾಗುವುದರಿಂದ ಮರದ ಮರೆಯೂ ಸಿಗುವುದಿಲ್ಲ. ಎದುರುಗಾಳಿ ಸಿಕ್ಕಿದರೆ ಇಡೀ ದಿನ ಎರಡು ಗೇರ್ ಕೆಳಗೇ ಇರುತ್ತೀರಿ. ಆದ್ದರಿಂದ ಸೊಮ್ಯೂರ್‌ನಲ್ಲಿ ಶುರುಮಾಡಿ ಹೊಳೆಗೆ ಎದುರಾಗಿ, ಪೂರ್ವಕ್ಕೆ ಹೋಗಿ.

ಸೊಮ್ಯೂರ್‌ನಿಂದ ಮೊಂಸೊರೋ ಸುಮಾರು 12 ಕಿಲೋಮೀಟರ್. ದಕ್ಷಿಣ ದಡದಲ್ಲೇ ಹೋಗಿ. ಬಿಳಿ ತುಫೋ ಸುಣ್ಣಕಲ್ಲಿನ ಗುಡ್ಡಗಳನ್ನು ಕೊರೆದು ಮಾಡಿದ ಗುಹೆಮನೆಗಳು ತ್ಯುರ್ಕಾಂ ಹಳ್ಳಿಯ ಸುತ್ತ ಸಾಲಾಗಿವೆ. ಕಣಿವೆಯ ಅರಮನೆಗಳಿಗೆ ಹೋದದ್ದು ಇದೇ ಕಲ್ಲು, ಕಲ್ಲು ತೆಗೆದ ಪೊಳ್ಳುಗಳಲ್ಲಿ ಈಗ ಅಣಬೆ ಬೆಳೆಯುತ್ತಾರೆ, ವೈನ್ ಇಡುತ್ತಾರೆ. ಮೊಂಸೊರೋದಿಂದ ಒಳಗೆ ಸುಮಾರು 5 ಕಿಲೋಮೀಟರ್ ಏರಿದರೆ ಫೋಂತೆವ್ರೋ ಮಠ. ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿ, ಅವನ ರಾಣಿ ಅಕ್ವಿತೇನ್‌ನ ಎಲೆನೋರ್, ಮಗ ರಿಚರ್ಡ್ ಇವರ ಶಿಲಾಪ್ರತಿಮೆಗಳು ಅಲ್ಲಿ ಮಲಗಿವೆ. ಎಲೆನೋರ್ ಕೈಯಲ್ಲಿ ತೆರೆದ ಪುಸ್ತಕ. ಇದೇ ಕಟ್ಟಡ 19ನೇ ಶತಮಾನದ ಆರಂಭದಿಂದ 1963ರವರೆಗೆ ಸೆರೆಮನೆಯಾಗಿತ್ತು. ಅವಸರ ಮಾಡದೆ ನೋಡಬೇಕಾದ ಜಾಗ. ಮರಳಿ ಇಳಿದು, ವಿಯೆನ್ ನದಿ ಲ್ವಾರ್ ಸೇರುವ ಕಾಂದ್‌ನಲ್ಲಿ ನಿಂತು, ಶಿನೋನ್‌ಗೆ ಹೋಗಿ ತಂಗಿ. 1429ರಲ್ಲಿ ಜೋನ್ ಆಫ್ ಆರ್ಕ್ ಯುವರಾಜ ಚಾರ್ಲ್ಸ್‌ನನ್ನು ಕಂಡದ್ದು ಶಿನೋನ್ ಕೋಟೆಯಲ್ಲಿ. ಕೋಟೆಗೆ ಏರುವ ಕಲ್ಲುಹಾಸಿನ ಓಣಿಗಳಲ್ಲಿ ಸೈಕಲ್ ತಳ್ಳಿಕೊಂಡು ಹೋಗುವುದೇ ಜಾಣತನ.

ಮರುದಿನ ಉಸ್ಸೆ, ಅಝೆ-ಲ್-ರಿದೊ, ವಿಲಾಂದ್ರಿ, ತೂರ್: ಒಟ್ಟು 60ರ ಆಸುಪಾಸು. ಒಳಗೆ ಹೋಗುವುದು ಅಝೆ ಮತ್ತು ವಿಲಾಂದ್ರಿಗೆ ಮಾತ್ರ, ಉಸ್ಸೆಯನ್ನು ರಸ್ತೆಯಿಂದಲೇ ನೋಡಿ. ಅಝೆ ಆಂದ್ರ್ ನದಿಯ ದ್ವೀಪದ ಮೇಲಿದೆ. ವಿಲಾಂದ್ರಿಯಲ್ಲಿ ಕಟ್ಟಡಕ್ಕಿಂತ ತೋಟ ಮುಖ್ಯ. ತರಕಾರಿಗಳನ್ನೇ ಬಣ್ಣದ ಚೌಕಗಳಾಗಿ ನೆಟ್ಟ ಈ ತೋಟವನ್ನು 1906ರಲ್ಲಿ ಜಾಗ ಕೊಂಡ ಜೋಕಿಮ್ ಕಾರ್ವಾಯೊ ಹೊಸದಾಗಿ ಕಟ್ಟಿದ್ದು.

ತೂರ್‌ನಿಂದ ಅಂಬ್ವಾಸ್ ಅರ್ಧ ದಿನದ ದಾರಿ. ಲಿಯೊನಾರ್ಡೊ ಡ ವಿಂಚಿ ಕೊನೆಯ ವರ್ಷಗಳನ್ನು ಕಳೆದು 1519ರ ಮೇ 2ರಂದು ತೀರಿಕೊಂಡ ಕ್ಲೋ ಲ್ಯುಸೆ ಮನೆ ಅಲ್ಲಿದೆ. ಅದರ ಮರುದಿನ ಅಂಬ್ವಾಸ್ ಕಾಡು ದಾಟಿ ಶೆನೊನ್ಸೊ. ಶೇರ್ ನದಿಯ ಮೇಲೆ ಸೇತುವೆಯಾಗಿ ನಿಂತ ಅರಮನೆ ಇದು. 1940ರಿಂದ 42ರವರೆಗೆ ಈ ನದಿಯೇ ಜರ್ಮನ್ ಆಕ್ರಮಿತ ಭಾಗದ ಗಡಿ, ಅರಮನೆಯ ದಕ್ಷಿಣದ ಬಾಗಿಲು ಆಕ್ರಮಣವಾಗದ ಆಚೆಯ ಭಾಗಕ್ಕೆ ತೆರೆಯುತ್ತಿತ್ತು. ಬಸ್ಸುಗಳು ಬರುವ ಮುಂಚೆ, ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಮಧ್ಯಾಹ್ನದ ಮೇಲೆ ಶೋಮೊ ಮೂಲಕ ಬ್ಲ್ವಾ ತಲುಪಬಹುದು.

ಬ್ಲ್ವಾದಲ್ಲಿ ಎರಡು ರಾತ್ರಿ ಉಳಿಯಿರಿ. ಚೀಲಗಳನ್ನು ಕೋಣೆಯಲ್ಲೇ ಬಿಟ್ಟು, ರುಸ್ಸಿ ಕಾಡಿನ ಮೂಲಕ ಶವೆರ್ನಿ, ಅಲ್ಲಿಂದ ಶಾಂಬೋರ್, ಮತ್ತೆ ಬ್ಲ್ವಾ. ಸುಮಾರು 50 ಕಿಲೋಮೀಟರಿನ ಈ ಸುತ್ತು ವಾರದ ಅತ್ಯುತ್ತಮ ಸವಾರಿ. 1519ರಲ್ಲಿ ದೊರೆ ಮೊದಲನೆಯ ಫ್ರಾನ್ಸ್ವಾ ಶುರುಮಾಡಿದ ಶಾಂಬೋರ್‌ನ ಸುತ್ತ 32 ಕಿಲೋಮೀಟರ್ ಉದ್ದದ ಗೋಡೆಯಿದೆ, ಗೋಡೆಯೊಳಗೆ ಜಿಂಕೆ, ಕಾಡುಹಂದಿಗಳ ಕಾಡು. ಕತ್ತಲಾದ ಮೇಲೆ ಆ ರಸ್ತೆಯಲ್ಲಿ ವೇಗ ಬೇಡ. ಕೊನೆಯ ದಿನ ಬೊಜಾನ್ಸಿ ಮೂಲಕ ಓರ್ಲಿಯಾನ್.

ಈಗ ಸೈಕಲ್. ಹೊಳೆಯ ಗುಂಟ ಸೈಕಲ್ಲಿಗಾಗಿ ಗುರುತಿಸಿದ 'ಲ್ವಾರ್ ಆ ವೆಲೊ' ಫಲಕಗಳ ದಾರಿ ಎಲ್ಲ ಕಡೆ ಡಾಂಬರಲ್ಲ, ನಡುನಡುವೆ ಗಟ್ಟಿ ಮಾಡಿದ ಜಲ್ಲಿ ಬರುತ್ತದೆ. 25 ಮಿಲಿಮೀಟರ್ ಟೈರ್ ಅಲ್ಲಿ ಕೈ ಮರಗಟ್ಟಿಸುತ್ತದೆ. 28 ಕನಿಷ್ಠ, ಫ್ರೇಮಿನಲ್ಲಿ ಜಾಗ ಇದ್ದರೆ 32. ಮಳೆಯ ಮರುದಿನ ಟೈರನ್ನು ಬೆರಳಿನಿಂದ ನೋಡಿಕೊಳ್ಳಿ. ಇಲ್ಲಿನ ಮಣ್ಣಿನಲ್ಲಿ ಚಕಮಕಿ ಕಲ್ಲಿನ ಚೂರುಗಳಿವೆ, ಒದ್ದೆ ರಬ್ಬರನ್ನು ಅವು ಸುಲಭವಾಗಿ ಸೀಳುತ್ತವೆ. ಎರಡು ಟ್ಯೂಬು, ಪ್ಯಾಚು, ಸೀಳಿದ ಟೈರಿನ ಒಳಗೆ ಇಡಲು 'ಬೂಟ್' ಎಂಬ ಗಟ್ಟಿ ತುಂಡು ಒಂದು, ಕೈಪಂಪು ಇರಲಿ. ನಿಮ್ಮದೇ ಸೈಕಲ್ ಒಯ್ದರೆ ಗೇರ್ ಬದಲಿಸುವ ಹಿಂದಿನ ಡೆರೈಲರ್ ಬಿಚ್ಚಿ ಫ್ರೇಮಿನ ಒಳಬದಿಗೆ ಕಟ್ಟಿ, ಅದನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ತುಂಡಿನ ಬದಲಿ ಒಂದನ್ನು ಜೇಬಿಗೆ ಹಾಕಿಕೊಳ್ಳಿ. ಪೆಟ್ಟಿಗೆಯಲ್ಲಿ ಮೊದಲು ಬಾಗುವುದು ಅದೇ, ನಿಮ್ಮ ಮಾದರಿಯ ಹ್ಯಾಂಗರ್ ಹಳ್ಳಿಯ ಅಂಗಡಿಯಲ್ಲಿ ಸಿಗದು. ಬಾಡಿಗೆಗೆ ಪಡೆದರೆ ಒಂದು ಎಚ್ಚರ: ಅಲ್ಲಿ ಸಾಮಾನ್ಯವಾಗಿ ಎಡಗೈ ಮುಂದಿನ ಬ್ರೇಕು, ಬಲಗೈ ಹಿಂದಿನದು. ಹೊರಡುವ ಮುಂಚೆ ಖಾಲಿ ಜಾಗದಲ್ಲಿ ನಾಲ್ಕು ಸಲ ಹಿಡಿದು ನೋಡಿ.

ರಸ್ತೆಯಲ್ಲಿ 'ಡಿ' ಅಕ್ಷರದ ಜಿಲ್ಲಾ ರಸ್ತೆಗಳನ್ನೇ ಹಿಡಿಯಿರಿ, ಆದರೆ ಎಲ್ಲವನ್ನೂ ಅಲ್ಲ. ಹೊಳೆಯ ಪಕ್ಕದ ಡಿ952 ಮತ್ತು ಡಿ751ರಲ್ಲಿ ಲಾರಿ, ಕಾರು ಜಾಸ್ತಿ. ಬಲಬದಿಯ ಸಂಚಾರಕ್ಕೆ ಅರ್ಧ ದಿನದಲ್ಲಿ ಒಗ್ಗಿಕೊಳ್ಳುತ್ತೀರಿ. ಅಪಾಯ ಇರುವುದು ಫಲಕವಿಲ್ಲದ ಹಳ್ಳಿಯ ಕೂಡುರಸ್ತೆಯಲ್ಲಿ: ಬಲದಿಂದ ಬರುವವರಿಗೆ ದಾರಿ ಬಿಡಬೇಕು, ಅವರದು ಎಷ್ಟೇ ಸಣ್ಣ ಓಣಿಯಾಗಿರಲಿ. ಹಳದಿ ವಜ್ರಾಕಾರದ ಫಲಕ ಕಂಡರೆ ಆ ರಸ್ತೆಯಲ್ಲಿ ಆದ್ಯತೆ ನಿಮ್ಮದು, ಅದರ ಮೇಲೆ ಕಪ್ಪು ಗೆರೆ ಎಳೆದಿದ್ದರೆ ಆದ್ಯತೆ ಮುಗಿಯಿತು. ಸೈಕಲ್ಲಿಗೆ ಬೆಲ್ ಕಡ್ಡಾಯ. ಇಯರ್‌ಫೋನ್ ಹಾಕಿದರೆ 135 ಯೂರೊ ದಂಡ. ಊರಿನ ಹೊರಗೆ ರಾತ್ರಿ ಅಥವಾ ಮಂಜಿನಲ್ಲಿ ಹೊಳೆಯುವ ಅಂಗಿ ತೊಡಲೇಬೇಕು.

ಊಟದ ವಿಷಯಕ್ಕೆ ಬಂದರೆ, ಹಳ್ಳಿಯ ಅಡುಗೆಮನೆ 12ರಿಂದ 2ರವರೆಗೆ ಮಾತ್ರ ಬಡಿಸುತ್ತದೆ, ಎರಡೂವರೆಗೆ ಹೋದರೆ ಕಾಫಿ ಅಷ್ಟೇ. ಭಾನುವಾರ ಮಧ್ಯಾಹ್ನದಿಂದ ಸೋಮವಾರ ಪೂರ್ತಿ ಅನೇಕ ಅಂಗಡಿ ಮುಚ್ಚಿರುತ್ತವೆ. ಭಾನುವಾರ ಬೆಳಿಗ್ಗೆಯೇ ಬ್ರೆಡ್ಡು, ಬಾಳೆಹಣ್ಣು, ಸೇಂತ್-ಮೋರ್ ಮೇಕೆ ಚೀಸಿನ ಒಂದು ಉರುಳೆ ಕೊಂಡಿಟ್ಟುಕೊಳ್ಳಿ. ಸಸ್ಯಾಹಾರಿಗಳಾದರೆ ಸಲಾಡ್ ಮತ್ತು ಕೀಶ್ ಎಂಬ ಮೊಟ್ಟೆಯ ತಿನಿಸಿನಲ್ಲಿ 'ಲಾರ್ದೊಂ' ಎಂಬ ಹಂದಿಮಾಂಸದ ಚೂರು ಇರುತ್ತದೆಂದು ಊಹಿಸಿಯೇ ವಿಚಾರಿಸಿ. ಚೀಸಿನ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದರೆ, ಸಾಂಪ್ರದಾಯಿಕ ಚೀಸಿನಲ್ಲಿ ಹಾಲು ಗಟ್ಟಿಯಾಗಲು ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ ಎಂಬುದು ತಿಳಿದಿರಲಿ. ನೀರು ಮುಗಿದರೆ ಊರಿನ ಸ್ಮಶಾನ ಹುಡುಕಿ, ಅಲ್ಲಿ ನಲ್ಲಿ ಇರುತ್ತದೆ. 'ನೋ ಪೊತಾಬ್ಲ್' ಎಂದು ಬರೆದಿದ್ದರೆ ಕುಡಿಯಬೇಡಿ. ಎಷ್ಟೇ ಸೆಖೆಯಾದರೂ ಲ್ವಾರ್‌ಗೆ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ತಳದ ಮರಳು ಕುಸಿಯುತ್ತದೆ, ಸುಳಿಗಳಿವೆ.

ಕಾಲ ಮೇ ಕೊನೆಯಿಂದ ಜೂನ್, ಇಲ್ಲವೇ ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ 10ರ ಹತ್ತಿರದವರೆಗೂ ಬೆಳಕಿರುತ್ತದೆ. ಶರತ್ಕಾಲದಲ್ಲಿ ಕಾಡಿನ ಅಂಚಿನಲ್ಲಿ 'ಶಾಸ್ ಆಂ ಕೂರ್' ಫಲಕ ಕಂಡರೆ ಬೇಟೆ ನಡೆಯುತ್ತಿದೆ ಎಂದರ್ಥ, ಕಾಡಿನ ದಾರಿ ಬಿಟ್ಟು ಡಾಂಬರು ರಸ್ತೆಗೆ ಬನ್ನಿ. ತಂಗಲು 'ಅಕ್ಯೂಯ್ ವೆಲೊ' ಫಲಕವಿರುವ ಮನೆ, ಹೋಟೆಲು ನೋಡಿ: ದಾರಿಯಿಂದ 5 ಕಿಲೋಮೀಟರ್ ಒಳಗೇ ಇರುತ್ತವೆ, ಸೈಕಲ್ ಇಡಲು ಬೀಗದ ಜಾಗ, ರಿಪೇರಿ ಸಾಮಾನು ಕೊಡುತ್ತವೆ. ಅರಮನೆಯ ಒಳಗೆ ದೊಡ್ಡ ಚೀಲ ಬಿಡುವುದಿಲ್ಲವಾದ್ದರಿಂದ ಸಾಮಾನಿನ ಜೊತೆ ಹೋಗುವ ದಿನ ಲಾಕರ್ ಇದೆಯೇ ಎಂದು ಮೊದಲೇ ನೋಡಿ.

ಪ್ಯಾರಿಸ್ ಓಸ್ಟರ್ಲಿಟ್ಜ್ ನಿಲ್ದಾಣದಿಂದ ಓರ್ಲಿಯಾನ್, ಬ್ಲ್ವಾ, ತೂರ್ ಕಡೆಗೆ ಪ್ರಾದೇಶಿಕ ರೈಲುಗಳಿವೆ, ತೂರ್‌ನಲ್ಲಿ ಬದಲಿಸಿ ಸೊಮ್ಯೂರ್‌ಗೆ ಹೋಗಬಹುದು. ಬೇಸಿಗೆಯಲ್ಲಿ ಸೈಕಲ್ಲಿನ ಜಾಗವನ್ನೂ ಕಾಯ್ದಿರಿಸಬೇಕಾಗಬಹುದು, ಟಿಕೆಟ್ ಕೊಳ್ಳುವಾಗಲೇ ಅದನ್ನೂ ಮಾಡಿ. ಟಿಜಿವಿ ಎಂಬ ಅತಿವೇಗದ ರೈಲಿನಲ್ಲಿ ಹೋಗುವುದಾದರೆ ಚಕ್ರ ಕಳಚಿ ಚೀಲಕ್ಕೆ ತುಂಬಬೇಕು, ಇಲ್ಲವೇ ಸೈಕಲ್ ಜಾಗ ಇರುವ ಗಾಡಿಯನ್ನೇ ಹುಡುಕಬೇಕು.