ರೂಕ್ ಕೊಟ್ಟಿದ್ದು ತಪ್ಪಲ್ಲ ಮೇಡಂ

ಗುಬ್ಬಿಯಿಂದ ಒಬ್ಬ ತಾಯಿ ಪತ್ರ ಬರೆದಿದ್ದಾರೆ. ಹೋದ ತಿಂಗಳು ನಾವು ಹಾಕಿದ್ದ ಚೆಸ್ ಚಾಂಪಿಯನ್ ಕ್ಯಾಸ್ಪರೋವ್ ಗೇಮ್ ಓದಿ ಎಂಟನೇ ಕ್ಲಾಸಲ್ಲಿರೋ ಅವರ ಮಗ ತುಮಕೂರಿನ ಟೂರ್ನಮೆಂಟಲ್ಲಿ ರೂಕ್ (ಆನೆ) ಸ್ಯಾಕ್ರಿಫೈಸ್ ಮಾಡಿ, ಅಂದ್ರೆ ಬೇಕಂತಲೇ ಎದುರಾಳಿಗೆ ಕೊಟ್ಟು, ಸೋತು ಬಂದನಂತೆ, ಮನೇಲಿ ಮೊಬೈಲಲ್ಲಿ ಎಂಜಿನ್ (ನಡೆ ಲೆಕ್ಕ ಹಾಕೋ ಚೆಸ್ ಪ್ರೋಗ್ರಾಂ) ಹಾಕಿ ನೋಡಿದ್ರೆ ಕ್ಯಾಸ್ಪರೋವ್ ರೂಕ್ ಕೊಟ್ಟಿದ್ದೂ ಪೂರ್ತಿ ಸರಿಯಿಲ್ಲ ಅಂತ ಬಂತಂತೆ. ‘ಹಂಗಾದ್ರೆ ಇದನ್ನೆಲ್ಲ ಹೊಗಳಿ ಮಕ್ಕಳ ತಲೆ ಯಾಕೆ ಕೆಡಿಸ್ತೀರಾ?’ ಅಂತ ಕೇಳಿದ್ದಾರೆ.

ಮೇಡಂ, ಎಂಜಿನ್ ಹೇಳಿದ್ದು ನಿಜ. 1999ರ ಜನವರಿ, ನೆದರ್ಲೆಂಡ್ಸಿನ ವೈಕ್ ಆನ್ ಜೀ ಊರು, ಬಿಳಿ ಕಾಯಲ್ಲಿ ಕ್ಯಾಸ್ಪರೋವ್, ಎದುರಿಗೆ ಕರಿ ಕಾಯಲ್ಲಿ ಬಲ್ಗೇರಿಯಾದ ಟೋಪಲೋವ್. 24ನೇ ನಡೆಯಲ್ಲಿ ಕ್ಯಾಸ್ಪರೋವ್ ಡಿ4ರಲ್ಲಿದ್ದ (ಬೋರ್ಡಿನ ಒಂದೊಂದು ಮನೆಗೂ ಹೀಗೊಂದು ಹೆಸರಿದೆ) ಪಾನ್ ಹೊಡೆದು ರೂಕ್ ಒಡ್ಡಿದ್ರು. ಟೋಪಲೋವ್ ಅದನ್ನ ಮುಟ್ಟದೆ ರಾಜನ್ನ ಬಿ6ಗೆ ಸರಿಸಿದ್ರೆ ಕ್ಯಾಸ್ಪರೋವ್‌ಗೆ ಗೆಲ್ಲೋ ದಾರಿ ಇರ್ಲಿಲ್ಲ. ಆದ್ರೆ ಅವರು ಹೊಡೆದ್ರು, ತಕ್ಷಣ ಕ್ಯಾಸ್ಪರೋವ್ ಇನ್ನೊಂದು ರೂಕ್ ಇ7ಕ್ಕೆ ಬಂದು ಚೆಕ್, ಅದನ್ನೂ ಕ್ವೀನಿಂದ ಹೊಡೀಬಹುದಿತ್ತು, ಹೊಡೆದ್ರೆ ನಾಲ್ಕೇ ನಡೆಗೆ ಮೇಟ್, ಅಂದ್ರೆ ರಾಜನಿಗೆ ತಪ್ಪಿಸ್ಕೊಳ್ಳೋ ದಾರಿಯೇ ಇಲ್ಲದೆ ಸೋಲು. ಅಲ್ಲಿಂದ ಟೋಪಲೋವ್ ಕರಿ ರಾಜ ಎ7 ಬಿಟ್ಟು ಓಡಿದ್ದು ಓಡಿದ್ದೇ, ಎ5, ಎ4, ಎ3, ಸಿ3, ಕೊನೆಗೆ ಡಿ1, ಅಂದ್ರೆ ಎದುರಾಳಿ ಮನೆಯ ಹಿತ್ತಲಿಗೇ ಬಂದು ಬಿದ್ದ! ಅಲ್ಲಿ ಕ್ಯಾಸ್ಪರೋವ್ ಚೆಕ್ ಕೊಡಲಿಲ್ಲ. ಎಚ್3ರಲ್ಲಿದ್ದ ಬಿಷಪ್ಪನ್ನ ಸದ್ದಿಲ್ಲದೆ ಎಫ್1ಕ್ಕೆ ತಂದು ಟೋಪಲೋವ್ ಕ್ವೀನ್ ಬಾಯಿಗೇ ಇಟ್ಟರು, ತಿಂದ್ರೆ ಸಿ2ರಲ್ಲಿ ಕ್ವೀನ್ ಚೆಕ್, ಇ7ರಲ್ಲಿ ರೂಕ್ ಚೆಕ್, ಕಥೆ ಮುಗೀತು. ನಾನು ಈ ಗೇಮನ್ನ ಎಷ್ಟು ಸಲ ಬೋರ್ಡ್ ಮೇಲೆ ಆಡಿಸಿದೀನೋ ಲೆಕ್ಕ ಇಲ್ಲ, ಆ ಬಿಷಪ್ ನಡೆ ಬಂದಾಗ ಈಗ್ಲೂ ಮೈ ಜುಮ್ ಅನ್ನುತ್ತೆ.

ಮೊಬೈಲ್ ಮುಂದೆ ಗಡಿಯಾರ ಓಡ್ತಿರಲ್ಲ, ಎದುರಿಗೆ ಕ್ಯಾಸ್ಪರೋವ್ ಕೂತಿರಲ್ಲ. ಟೋಪಲೋವ್ ಮುಂದೆ ಎರಡೂ ಇತ್ತು.

ಆದ್ರೆ ನಿಮ್ಮ ಮಗನಿಗೆ ಹೇಳಬೇಕಾದ್ದು ಬೇರೆ ಇದೆ. ರೂಕ್ ಕೊಡೋ ಹೊತ್ತಿಗೆ ಕ್ಯಾಸ್ಪರೋವ್ ಕುದುರೆ ಎ5ರಲ್ಲಿ ರಾಜನ ಮಗ್ಗುಲಲ್ಲೇ ಇತ್ತು, ಕ್ವೀನ್ ಎಫ್4, ಬಿಷಪ್ ಎಚ್3, ಇನ್ನೊಂದು ರೂಕ್ ಇ1, ಒಂದು ಕಾಯಿನೂ ಸುಮ್ನೆ ಕೂತಿರಲಿಲ್ಲ. ಸ್ಯಾಕ್ರಿಫೈಸ್ ಅಂದ್ರೆ ಕೊಟ್ಟಿದ್ದೇನು ಅಂತ ಎಲ್ರೂ ನೋಡ್ತಾರೆ, ಬೋರ್ಡ್ ಮೇಲೆ ಉಳಿದಿರೋದೇನು ಅಂತ ನೋಡಬೇಕು. 2013ರಲ್ಲಿ ಅದೇ ಊರಲ್ಲಿ ನಮ್ಮ ಆನಂದ್ ಕರಿ ಕಾಯಲ್ಲಿ ಆರೋನಿಯನ್ನ 23 ನಡೆಗೆ ಮುಗಿಸಿದ್ದೂ ಹಂಗೇನೇ, ಎರಡು ಬಿಷಪ್ಪೂ ರಾಜನ ಕಡೆಗೇ ಮುಖ ಮಾಡಿದ್ವು.

ಕೊಟ್ಟ ಮೇಲೆ ಮೇಟೇ ಆಗ್ಬೇಕು ಅಂತಾನೂ ಇಲ್ಲ. 1953ರ ಜ್ಯೂರಿಕ್ ಟೂರ್ನಮೆಂಟಲ್ಲಿ ರೆಶೆವ್‌ಸ್ಕಿ ಮೇಲೆ ಪೆಟ್ರೋಸಿಯನ್ ರೂಕನ್ನ ಇ6ಕ್ಕೆ ಇಟ್ಟು ಬಿಷಪ್‌ಗೆ ಬಿಟ್ಟುಕೊಟ್ಟಿದ್ದು ಕುದುರೆಗೆ ಡಿ5ರಲ್ಲಿ ಒಂದು ಒಳ್ಳೆ ಜಾಗ ಸಿಗ್ಲಿ ಅಂತ, ಅಷ್ಟೇ! ಕುದುರೆ ಅಲ್ಲಿ ಕೂತ ಮೇಲೆ ರೆಶೆವ್‌ಸ್ಕಿಯ ಬಿಳಿ ಪಾನ್‌ಗಳು ಮುಂದೆ ಬರೋಕೇ ಆಗ್ಲಿಲ್ಲ, ಗೇಮ್ ಡ್ರಾ.

ನೀವು ಪತ್ರದ ಜೊತೆ ಇಟ್ಟಿದ್ದ, ಮಗ ಆಡಿದ ನಡೆಗಳಿರೋ ಸ್ಕೋರ್‌ಶೀಟ್ ಹಿಡ್ಕೊಂಡು ಭಾನುವಾರ ಆಫೀಸಲ್ಲಿ ಬೋರ್ಡ್ ಹಾಕ್ಕೊಂಡು ಕೂತಿದ್ದೆ. 17ನೇ ನಡೆಗೆ ರೂಕ್ ಕೊಟ್ಟಿದ್ದಾನೆ, ಒಂದು ಚೆಕ್ ಸಿಕ್ಕಿದೆ, ಆಮೇಲೆ ಏನೂ ಇಲ್ಲ, ಯಾಕಂದ್ರೆ ಇನ್ನೊಂದು ರೂಕ್ ಎ1 ಬಿಟ್ಟು ಕದಲಿಲ್ಲ, ಸಿ1ರ ಬಿಷಪ್ಪೂ ಹೊರಗೆ ಬಂದಿಲ್ಲ. ಆದ್ರೆ ರೂಕ್ ಕೊಟ್ಟ ಜಾಗ ಸರಿಯಾಗೇ ಇತ್ತು ಮೇಡಂ, ಎದುರಾಳಿ ರಾಜ ಅಲ್ಲೇ ವೀಕ್ ಇದ್ದ, ಎಂಟನೇ ಕ್ಲಾಸ್ ಹುಡುಗನಿಗೆ ಅದು ಕಂಡಿದೆ ಅಂದ್ರೆ ಸಣ್ಣ ವಿಷಯ ಅಲ್ಲ. ಮೊದಲು ಬಿಷಪ್ ಹೊರಗೆ ತಂದು, ಎರಡು ನಡೆ ತಡೆದು ಅದೇ ರೂಕ್ ಕೊಟ್ಟು ನೋಡೋಕೆ ಹೇಳಿ, ಬೈಬೇಡಿ. ಶೀಟ್ ಮೇಲೆ ಪೆನ್ಸಿಲಲ್ಲಿ ಗುರುತು ಹಾಕಿ ವಾಪಸ್ ಪೋಸ್ಟ್ ಮಾಡಿದೀನಿ.