ಮಗನ ಮುಂದೆ ನಗುತ್ತಿದ್ದ ತಾಯಿ

ಆಟಿಸಂ ಇರುವ ಮಕ್ಕಳ ತಾಯಂದಿರು ನನ್ನ ಹತ್ತಿರ ಬರುವುದು ಮಗುವಿನ ವಿಷಯ ಮಾತಾಡಲಿಕ್ಕೆ. ಮೂರನೆಯದೋ ನಾಲ್ಕನೆಯದೋ ಭೇಟಿಯಲ್ಲಿ, ಹೊರಡಲು ಎದ್ದು ನಿಂತ ಮೇಲೆ, "ಇನ್ನೊಂದು ವಿಷಯ ಮೇಡಂ, ನನಗೆ ಒಮ್ಮೊಮ್ಮೆ ಎದೆ ಹಿಡಿದುಕೊಂಡ ಹಾಗಾಗುತ್ತೆ" ಅನ್ನುತ್ತಾರೆ. ಅಷ್ಟೊತ್ತಿಗೆ ನಮ್ಮ ಸಮಯ ಮುಗಿದಿರುತ್ತದೆ. ಈ ಮಾತನ್ನು ಬಾಗಿಲ ಹತ್ತಿರ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಆ ತಾಯಿಯ ಒಪ್ಪಿಗೆ ಇದೆ. ಗುರುತು ಹತ್ತುವಂಥ ವಿವರಗಳನ್ನು ಬದಲಾಯಿಸಿದ್ದೇನೆ.

ಅವರ ವಯಸ್ಸು ಮೂವತ್ತೈದರ ಆಸುಪಾಸು. ಮಗನಿಗೆ ಎಂಟು ವರ್ಷ. ಮಾತು ಕಡಿಮೆ, ಬೇಕಾದ್ದನ್ನು ಚಿತ್ರದ ಕಾರ್ಡ್ ತೋರಿಸಿ ಕೇಳುತ್ತಾನೆ. ಗಂಡನಿಗೆ ಓಡಾಟದ ಕೆಲಸ. ಹಗಲೆಲ್ಲ ತಾಯಿ, ಮಗ ಇಬ್ಬರೇ.

ಅವರಿಗೆ ಬರುತ್ತಿದ್ದುದು ಪ್ಯಾನಿಕ್ ಅಟ್ಯಾಕ್, ಅಂದರೆ ಥಟ್ಟನೆ ಮೈಮೇಲೆ ಬರುವ ವಿಪರೀತ ಭಯ. ಮೊದಲ ಅಟ್ಯಾಕ್ ಆಗಿದ್ದು ಲಿಫ್ಟ್‌ನಲ್ಲಿ, ಮಗನ ಕೈ ಹಿಡಿದುಕೊಂಡಿದ್ದಾಗ. ಎದೆ ಡವಡವ, ಬೆರಳೆಲ್ಲ ಜುಮ್ಮೆಂದು, ಕಣ್ಣು ಕತ್ತಲೆ ಬಂದಂತಾಗಿ ಈಗಲೇ ಸತ್ತೆ ಅನ್ನಿಸಿತು. ಆಸ್ಪತ್ರೆಗೆ ಹೋದರು. ಇಸಿಜಿ ಸರಿ, ಥೈರಾಯ್ಡ್ ಸರಿ, ರಕ್ತ ಪರೀಕ್ಷೆ ಸರಿ. "ಏನೂ ಇಲ್ಲ, ಸ್ವಲ್ಪ ಟೆನ್ಷನ್" ಎಂದು ಕಳಿಸಿದರು. ಪರೀಕ್ಷೆ ಮಾಡಿಸಿದ್ದು ಒಳ್ಳೆಯದೇ. ಮೊದಲ ಸಲ ಹೀಗಾದವರು ಯಾರೇ ಇರಲಿ, ಮೊದಲು ವೈದ್ಯರನ್ನು ಕಾಣಲೇಬೇಕು. ಆದರೆ ಆ "ಏನೂ ಇಲ್ಲ" ಅನ್ನುವ ಮಾತು ನನಗೆ ಒಂದಿಷ್ಟೂ ಒಪ್ಪಿಗೆಯಿಲ್ಲ. ಹೃದಯಕ್ಕೆ ಏನೂ ಆಗಿಲ್ಲ ಅನ್ನುವುದು ಒಂದು, ಈ ಹೆಂಗಸಿಗೆ ಏನೂ ಆಗಿಲ್ಲ ಅನ್ನುವುದು ಇನ್ನೊಂದು. ಅವರು ಅನುಭವಿಸಿದ್ದೆಲ್ಲ ನಿಜವಾಗಿಯೂ ದೇಹದಲ್ಲಿ ಆಗಿದ್ದೇ.

ಅಪಾಯ ಬಂದಾಗ ಓಡಲಿಕ್ಕೋ ಎದುರಿಸಲಿಕ್ಕೋ ದೇಹ ತಯಾರಾಗುತ್ತದೆ. ಪ್ಯಾನಿಕ್ ಅಟ್ಯಾಕ್‌ನಲ್ಲಿ ಅಪಾಯ ಇಲ್ಲದಿದ್ದರೂ ಆ ತಯಾರಿ ಪೂರ್ತಿ ನಡೆದುಬಿಡುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ತುದಿ ಮುಟ್ಟಿ, ಆಮೇಲೆ ತಾನಾಗಿ ಇಳಿಯುತ್ತದೆ. ಹಾಗಿದ್ದರೆ ಮತ್ತೆ ಮತ್ತೆ ಯಾಕೆ ಬರುತ್ತದೆ? ಎದೆ ಬಡಿದುಕೊಂಡಾಗ ನಾವು ಅದಕ್ಕೊಂದು ಅರ್ಥ ಕಟ್ಟುತ್ತೇವೆ. 'ಹಾರ್ಟ್ ಅಟ್ಯಾಕ್', 'ಬಿದ್ದೆ', 'ಹುಚ್ಚು ಹಿಡಿಯಿತು'. ಆ ಅರ್ಥದಿಂದ ಭಯ ಜಾಸ್ತಿಯಾಗುತ್ತದೆ, ಭಯದಿಂದ ಎದೆಬಡಿತ ಜಾಸ್ತಿಯಾಗುತ್ತದೆ. ಬ್ರಿಟನ್ನಿನ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ 1986ರಲ್ಲಿ ಈ ಸುಳಿಯನ್ನು ಬಿಡಿಸಿ ತೋರಿಸಿದರು. ಪ್ಯಾನಿಕ್‌ಗೆ ಇವತ್ತು ಕೊಡುವ ಮಾತಿನ ಚಿಕಿತ್ಸೆಯಲ್ಲಿ ಬಹುಪಾಲು ಇದರ ಮೇಲೇ ನಿಂತಿದೆ.

ಈ ತಾಯಿ ಕಟ್ಟಿಕೊಂಡಿದ್ದ ಅರ್ಥ ಬೇರೆಯೇ ಇತ್ತು. "ನಾನು ಸತ್ತರೆ ಸಾಯ್ತೀನಿ, ಅದಲ್ಲ ಭಯ. ರಸ್ತೆ ಮೇಲೆ ಪ್ರಜ್ಞೆ ತಪ್ಪಿ ಬಿದ್ದರೆ ಇವನು ಕೈ ಬಿಡಿಸಿಕೊಂಡು ಓಡಿಬಿಡ್ತಾನೆ. ಮನೆ ಎಲ್ಲಿ ಅಂತ ಹೇಳೋಕೂ ಬರಲ್ಲ." ಅಲ್ಲಿಂದ ಒಂದೊಂದೇ ನಿಂತುಹೋಯಿತು. ಮೊದಲು ಲಿಫ್ಟ್, ಆಮೇಲೆ ಬಸ್ಸು, ಆಮೇಲೆ ಪಾರ್ಕು. ಮಗ ಉಯ್ಯಾಲೆ ಚಿತ್ರದ ಕಾರ್ಡ್ ತಂದು ಕೈಗೆ ಕೊಡುತ್ತಾನೆ, ಇವರು ಅದನ್ನು ಡ್ರಾಯರ್ ಒಳಗೆ ಇಡುತ್ತಾರೆ. ಅವನು ಮತ್ತೆ ತೆಗೆದು ತರುತ್ತಾನೆ. ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಪ್ಯಾನಿಕ್ ಅಟ್ಯಾಕ್‌ನಲ್ಲಿ ಪ್ರಜ್ಞೆ ತಪ್ಪಿ ಬೀಳುವುದು ಬಹಳ ಅಪರೂಪ. ಸಾಮಾನ್ಯವಾಗಿ ತಲೆ ಸುತ್ತಿ ಬೀಳುವುದು ರಕ್ತದೊತ್ತಡ ಥಟ್ಟನೆ ಇಳಿದಾಗ. ಪ್ಯಾನಿಕ್‌ನಲ್ಲಿ ಹೃದಯ ಜೋರಾಗಿ ಬಡಿಯುತ್ತಿರುತ್ತದೆ, ಒತ್ತಡ ಹೆಚ್ಚಾಗಿ ಏರಿಯೇ ಇರುತ್ತದೆ. ಬೀಳುತ್ತೇನೆ ಅನ್ನಿಸುವುದು ಹೌದು, ಬೀಳುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇಷ್ಟು ಹೇಳಿದ್ದಕ್ಕೇ ಅವರ ಹೆಗಲು ಒಂದಿಷ್ಟು ಸಡಿಲವಾಯಿತು.

ಆದರೆ ಆ ದಿನಗಳಲ್ಲಿ ನನ್ನಿಂದ ಒಂದು ತಪ್ಪಾಯಿತು. ಹೆದರಿಕೆಯಾದಾಗ ಜೋರಾಗಿ ಉಸಿರೆಳೆದುಕೊಳ್ಳಿ ಎಂದು ಹೇಳಿಕೊಟ್ಟೆ. ಅವರು ಶ್ರದ್ಧೆಯಿಂದ ಮಾಡಿದರು, ಜುಮುಜುಮು ಇನ್ನೂ ಹೆಚ್ಚಾಯಿತು. ಹೆಚ್ಚಾಗಲೇಬೇಕಿತ್ತು. ಬೇಕಿದ್ದಕ್ಕಿಂತ ಜಾಸ್ತಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳು ಜುಮ್ಮೆನ್ನುವುದು, ತಲೆ ಹಗುರಾಗುವುದು ಅದರಿಂದಲೇ. ಹೇಳಬೇಕಾಗಿದ್ದು ಉಸಿರು ಬಿಡುವ ಕಡೆಗೆ ಗಮನ ಕೊಡಿ ಎಂದು. ಮೆಲ್ಲಗೆ, ಎಳೆದುಕೊಂಡಿದ್ದಕ್ಕಿಂತ ಉದ್ದಕ್ಕೆ ಬಿಡುವುದು. ಅವರಲ್ಲಿ ಕ್ಷಮೆ ಕೇಳಿ ತಿದ್ದಿಕೊಂಡೆ.

ಆರನೆಯ ಭೇಟಿಯ ದಿನ ಮಗನನ್ನು ನೋಡಿಕೊಳ್ಳುವವರು ಸಿಗಲಿಲ್ಲ. ಜೊತೆಗೇ ಕರೆತಂದರು. ನನ್ನ ಮೇಜಿನ ಮೇಲಿದ್ದ ಪೇಪರ್ ಕ್ಲಿಪ್‌ಗಳನ್ನು ಅವನು ನೆಲದ ಮೇಲೆ ಸಾಲಾಗಿ ಜೋಡಿಸುತ್ತಾ ಕೂತ. ಎಲ್ಲದರ ಬಾಯಿಯೂ ಒಂದೇ ದಿಕ್ಕಿಗೆ. ನಾವು ಮಾತಾಡುತ್ತಿದ್ದೆವು. ಅರ್ಧ ವಾಕ್ಯದಲ್ಲಿ ತಾಯಿ ನಿಂತುಬಿಟ್ಟರು. ಕೈ ಎದೆಗೆ ಹೋಯಿತು, ತುಟಿ ಒಣಗಿತು. ಬಂತು ಎಂದು ನನಗೂ ಗೊತ್ತಾಯಿತು.

ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಮಗ ತನ್ನ ಪಾಡಿಗೆ ಕ್ಲಿಪ್ ಜೋಡಿಸುತ್ತಲೇ ಇದ್ದ. ಒಂದು ಸಲ ಅಮ್ಮನ ಕಡೆ ನೋಡಿದ, ಮತ್ತೆ ಕ್ಲಿಪ್. ಅವನು ನೋಡಿದ್ದು ತಾಯಿಯ ಕಣ್ಣಿಗೆ ಬಿತ್ತು. ತಕ್ಷಣ ಅವರು ನಕ್ಕರು. ಅಗಲವಾಗಿ, ಹಲ್ಲು ಕಾಣುವಂತೆ. "ಏನೂ ಇಲ್ಲ ಕಂದಾ, ಏನೂ ಇಲ್ಲ, ಅಮ್ಮ ಚೆನ್ನಾಗಿದಾಳೆ, ನೋಡು ನೋಡು" ಎಂದು ಒಂದೇ ಉಸಿರಿನಲ್ಲಿ, ಕೀರಲು ದನಿಯಲ್ಲಿ ಹೇಳಿದರು. ಅಷ್ಟೇ. ಮಗ ಎರಡೂ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಹೋಗಿ ಕೂಗತೊಡಗಿದ. ಕ್ಲಿಪ್ಪಿನ ಸಾಲೆಲ್ಲ ಚೆಲ್ಲಾಪಿಲ್ಲಿ.

ನಾನು ದೀಪ ಆರಿಸಿದೆ, ಫ್ಯಾನ್ ನಿಲ್ಲಿಸಿದೆ. ತಾಯಿಗೆ ಸುಮ್ನೆ ನೆಲದ ಮೇಲೆ ಕೂತುಕೊಳ್ಳಿ ಎಂದು ಸನ್ನೆ ಮಾಡಿದೆ. ಯಾರೂ ಮಾತಾಡಲಿಲ್ಲ. ಮೊದಲು ತಾಯಿಯ ಉಸಿರು ತಹಬಂದಿಗೆ ಬಂತು. ಇನ್ನಷ್ಟು ಹೊತ್ತಾದ ಮೇಲೆ ಮೇಜಿನ ಕೆಳಗಿನಿಂದ ಒಂದು ಕೈ ಬಂದು ಹತ್ತಿರದ ಕ್ಲಿಪ್ ಎತ್ತಿಕೊಂಡಿತು.

"ನೋಡಿದ್ರಲ್ಲ. ನನಗೆ ಬಂದರೆ ಇವನಿಗೆ ಹೀಗಾಗುತ್ತೆ" ಎಂದರು ತಾಯಿ, ಅಳುತ್ತಾ.

ಗಡಿಯಾರ ನನ್ನ ಎದುರಿಗೇ ಇತ್ತು. ನಾನು ಕಂಡಿದ್ದನ್ನು ಕಂಡ ಹಾಗೆ ಹೇಳಿದೆ. "ನಿಮಗೆ ಬಂದಾಗ ಅವನು ಒಂದು ನಿಮಿಷಕ್ಕಿಂತ ಜಾಸ್ತಿ ಹೊತ್ತು ಆರಾಮಾಗಿಯೇ ಇದ್ದ. ನೀವು ನಕ್ಕ ಮೇಲೆ ಮೇಜಿನ ಕೆಳಗೆ ಹೋದ."

ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವನಿಗೆ ಗೊತ್ತಾಗಬಾರದು ಅಂತಲೇ ನಗ್ತೀನಿ ಮೇಡಂ. ಎರಡು ವರ್ಷದಿಂದ ನಗ್ತಾ ಇದ್ದೀನಿ" ಎಂದರು.

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಆ ಎರಡು ವರ್ಷ ಅವರು ಏಕಕಾಲಕ್ಕೆ ಎರಡು ಕೆಲಸ ಮಾಡುತ್ತಿದ್ದರು. ಸಾಯುವಂಥ ಭಯ ತಡೆದುಕೊಳ್ಳುವುದು, ಅದರ ಮೇಲೆ ನಗು ಹಚ್ಚುವುದು. ಮಗನಿಗಾದರೂ ಅದರಿಂದ ನೆಮ್ಮದಿ ಸಿಕ್ಕಿತೇ? ಮುಖ ನಗುತ್ತಿದೆ, ದನಿ ನಡುಗುತ್ತಿದೆ, ಹಿಡಿದ ಕೈ ಬೆವರುತ್ತಿದೆ. ಒಂದಕ್ಕೊಂದು ತಾಳೆಯಾಗದ ಇಂಥ ಸೂಚನೆಗಳನ್ನು ಕೂಡಿಸಿ ಅರ್ಥ ಮಾಡಿಕೊಳ್ಳುವುದು ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಕಷ್ಟ. ಅದರ ಮೇಲೆ ಕೀರಲು ದನಿ. ಸದ್ದು, ಬೆಳಕು, ಸ್ಪರ್ಶ ತಡೆಯಲಾರದಷ್ಟಾದಾಗ ಆಗುವ ಕುಸಿತಕ್ಕೆ ಮೆಲ್ಟ್‌ಡೌನ್ ಅನ್ನುತ್ತಾರೆ. ಹಠ ಬೇರೆ, ಇದು ಬೇರೆ. ಹಠದಲ್ಲಿ ಮಗುವಿಗೆ ಏನೋ ಬೇಕಾಗಿರುತ್ತದೆ, ಕೊಟ್ಟರೆ ನಿಲ್ಲುತ್ತದೆ. ಇಲ್ಲಿ ಕೊಡುವಂಥದ್ದು ಏನೂ ಇಲ್ಲ, ಇರುವುದನ್ನು ಕಡಿಮೆ ಮಾಡಬೇಕು. ಮಾತು ಕಡಿಮೆ, ಬೆಳಕು ಕಡಿಮೆ, ಮುಟ್ಟುವುದು ಅವನಿಗೆ ಇಷ್ಟವಿದ್ದರೆ ಮಾತ್ರ.

ನಾನು ಕೊಟ್ಟ ಸಲಹೆ ಇದು. ಅಡಗಿಸಬೇಡಿ. ಬಂದಾಗ ನಗಬೇಡಿ, ಸಮಾಧಾನ ಹೇಳಬೇಡಿ. ಎಲ್ಲಿದ್ದೀರೋ ಅಲ್ಲೇ, ಗೋಡೆ ಪಕ್ಕ ಇಬ್ಬರೂ ಕೂತುಕೊಳ್ಳಿ. ಏನಾಗುತ್ತಿದೆ ಅನ್ನುವುದನ್ನು ಮಗನಿಗೆ ಅವನ ಭಾಷೆಯಲ್ಲೇ ಹೇಳಿ. ಅವನ ಭಾಷೆ ಚಿತ್ರ. ಮೂರು ಕಾರ್ಡ್ ಮಾಡಿದೆವು. ಒಂದರಲ್ಲಿ ಅಮ್ಮನ ಎದೆ, ಅದರ ಸುತ್ತ ಬಡಿತದ ಗೆರೆಗಳು. ಎರಡನೆಯದರಲ್ಲಿ ಅಮ್ಮ ಕೂತಿದ್ದಾಳೆ. ಮೂರನೆಯದರಲ್ಲಿ ಅಮ್ಮ ಎದ್ದು ನಿಂತಿದ್ದಾಳೆ. ಅಟ್ಯಾಕ್ ಇಲ್ಲದ ದಿನಗಳಲ್ಲಿ, ಆಟದ ಹೊತ್ತಿನಲ್ಲಿ, ದಿನಕ್ಕೊಮ್ಮೆ ಅಭ್ಯಾಸ. ಬೆಂಕಿ ಬಿದ್ದಾಗ ಬಾವಿ ತೋಡಬಾರದು, ಅಲ್ವಾ.

ಇದನ್ನು ನಮ್ಮದೇ ಕ್ಷೇತ್ರದ ಇಬ್ಬರು ಒಪ್ಪಲಿಲ್ಲ. ತಾಯಿಯ ಭಯವನ್ನು ಮಗುವಿನ ತಲೆಗೆ ಕಟ್ಟುತ್ತಿದ್ದೀರಿ ಎಂದರು. ಆಕ್ಷೇಪ ಹಗುರವಾದದ್ದಲ್ಲ. ತಾಯಿ ಮಗುವನ್ನೇ ಆಸರೆ ಮಾಡಿಕೊಂಡರೆ, 'ನನ್ನನ್ನು ನೋಡಿಕೋ' ಅಂದರೆ, ಅದು ತಪ್ಪು. ಆ ಕಾರ್ಡ್‌ಗಳಲ್ಲಿ ಮಗನಿಗೆ ಒಂದೂ ಕೆಲಸ ಇಲ್ಲ. ಬೇಕೆಂದೇ ಹಾಗೆ ಮಾಡಿದ್ದು. ಅಮ್ಮ ಕೂರುತ್ತಾಳೆ, ಅಮ್ಮ ಏಳುತ್ತಾಳೆ. ಇದಕ್ಕೊಂದು ಮೊದಲಿದೆ, ಕೊನೆಯಿದೆ ಎಂದು ಅವನಿಗೆ ಗೊತ್ತಾದರೆ ಸಾಕು. ಒಂದೇ ಮನೆಯಲ್ಲಿ ಎರಡು ವರ್ಷ ಇದನ್ನು ನೋಡಿಕೊಂಡೇ ಬೆಳೆದ ಮಗುವಿನಿಂದ ಏನನ್ನು ಮುಚ್ಚಿಡುವುದು? ಮಾತು ಬಾರದ ಮಗುವಿಗೆ ಏನೂ ತಿಳಿಯುವುದಿಲ್ಲ ಎಂಬ ಊಹೆಯನ್ನು ನಾನು ಯಾವತ್ತೂ ಒಪ್ಪುವವಳಲ್ಲ.

ತಾಯಿಗೆ ಬೇರೆ ಅಭ್ಯಾಸಗಳೂ ಇದ್ದವು. ವೈದ್ಯರ ಒಪ್ಪಿಗೆ ಪಡೆದು, ನನ್ನ ಕೋಣೆಯಲ್ಲೇ ಒಂದು ನಿಮಿಷ ಬೇಗ ಬೇಗ ಉಸಿರಾಡಿ ಆ ಜುಮುಜುಮು ತಾವೇ ತಂದುಕೊಂಡರು. ಮೆಟ್ಟಿಲು ಹತ್ತಿ ಇಳಿದು ಎದೆಬಡಿತ ತಂದುಕೊಂಡರು. ಬರಿಸಿಕೊಂಡಿದ್ದು ತಾನಾಗಿ ಹೋಗುವುದನ್ನು ಕಂಡ ಮೇಲೆ, ಅದಕ್ಕಿದ್ದ ಹಳೆಯ ಅರ್ಥ ನಿಧಾನವಾಗಿ ಕಳಚುತ್ತದೆ. ಕೇಳಿದವರಿಗೆ ಇದು ಕ್ರೂರ ಅನ್ನಿಸುತ್ತದೆ. ಲಿಫ್ಟ್ ಬಿಟ್ಟು, ಬಸ್ ಬಿಟ್ಟು, ಕೊನೆಗೆ ಮನೆಯೊಳಗೇ ಉಳಿಯುವುದು ನನಗೆ ಇದಕ್ಕಿಂತ ಕ್ರೂರ ಅನ್ನಿಸುತ್ತದೆ. ಮನೋವೈದ್ಯರು ಕೊಟ್ಟಿದ್ದ ಮಾತ್ರೆ ಜೊತೆಗೇ ನಡೆಯುತ್ತಿತ್ತು. ಅದನ್ನು ಮುಟ್ಟುವುದು ನನ್ನ ಕೆಲಸವಲ್ಲ. ಸ್ವಲ್ಪ ಆರಾಮಾದ ಕೂಡಲೇ ತಾವೇ ಮಾತ್ರೆ ಬಿಡುವವರನ್ನು ತುಂಬಾ ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಮಗ ಓಡಿಹೋದರೆ ಅನ್ನುವ ಚಿಂತೆಯನ್ನು ನಾನು ಪ್ಯಾನಿಕ್ ಲೆಕ್ಕಕ್ಕೆ ಸೇರಿಸಲಿಲ್ಲ. ಅದು ನಿಜವಾದ ಚಿಂತೆ. ಆಟಿಸಂ ಇರುವ ಹಲವು ಮಕ್ಕಳು ಥಟ್ಟನೆ ಕೈ ಬಿಡಿಸಿಕೊಂಡು ಓಡುತ್ತಾರೆ. ಅದಕ್ಕೆ ಉಸಿರಾಟದ ಅಭ್ಯಾಸ ಉತ್ತರವಲ್ಲ. ಅವನ ಬಟ್ಟೆಯ ಒಳಗೆ ಫೋನ್ ನಂಬರಿನ ಪಟ್ಟಿ ಹೊಲಿಸಿದರು. ಅವನ ದಿನಚರಿ, ಆಗದ ಸದ್ದುಗಳು, ಕಾರ್ಡ್‌ಗಳ ಅರ್ಥ ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದರು. ಅದನ್ನು ಓದಿ, ಅವನ ಜೊತೆ ಒಂದೊಂದು ಗಂಟೆ ಕಳೆದು ಕಲಿತವರು ಈಗ ಇಬ್ಬರಿದ್ದಾರೆ. ಒಬ್ಬರು ಗಂಡ. ತಂದೆಯೇ ನೋಟ್‌ಬುಕ್ ಓದಿ ಕಲಿಯಬೇಕಾಯಿತು ಅನ್ನುವುದು ಬೇಸರದ ಸಂಗತಿ. ಆದರೆ ಕಲಿತರು.

ಇನ್ನೊಂದು ಮಾತು ಹೇಳದೆ ಇರಲಾರೆ. ನಿನ್ನ ಗಾಬರಿಯೇ ಮಗುವಿಗೆ ಹೀಗಾಗಲು ಕಾರಣ ಎಂದು ಈ ತಾಯಿಗೆ ಹತ್ತಿರದವರೇ ಹೇಳಿದ್ದರು. ಇದು ಹಳೆಯ ಸುಳ್ಳು. 1943ರಲ್ಲಿ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಬರೆದ ಮೇಲೆ, ತಾಯಿಯ ಪ್ರೀತಿ ತಣ್ಣಗಿರುವುದೇ ಇದಕ್ಕೆ ಕಾರಣ ಎಂಬ ಮಾತು ವರ್ಷಗಟ್ಟಲೆ ಓಡಿತು. 'ರೆಫ್ರಿಜರೇಟರ್ ತಾಯಿ' ಎಂದೇ ಕರೆದರು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಇದನ್ನು ಗಟ್ಟಿಯಾಗಿ ಅಲ್ಲಗಳೆದರು. ಅವರು ಮನೋವಿಜ್ಞಾನಿ, ಜೊತೆಗೆ ಆಟಿಸಂ ಇದ್ದ ಮಗನ ತಂದೆ. ಆಟಿಸಂ ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಅದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು ಎಂದು ಈಗ ಚೆನ್ನಾಗಿ ಗೊತ್ತಿದೆ. ಆದರೂ ಆ ಮಾತು ಮನೆಮನೆಗಳಲ್ಲಿ ಇನ್ನೂ ಸತ್ತಿಲ್ಲ. ತಾಯಂದಿರ ಎದೆಬಡಿತ ಜೋರಾಗಲು ಅದೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಅಟ್ಯಾಕ್ ಪೂರ್ತಿ ನಿಂತಿಲ್ಲ. ವಾರಕ್ಕೆ ನಾಲ್ಕೈದು ಬರುತ್ತಿದ್ದುದು ಈಗ ತಿಂಗಳಿಗೆ ಒಂದೋ ಎರಡೋ. ಬಸ್ ಇನ್ನೂ ಕಷ್ಟ. ಪಾರ್ಕಿಗೆ ವಾರಕ್ಕೆರಡು ಸಲ ಹೋಗುತ್ತಾರೆ, ಉಯ್ಯಾಲೆಯ ಕಾರ್ಡ್ ಡ್ರಾಯರ್‌ನಿಂದ ಹೊರಗೆ ಬಂದಿದೆ.

ಕಳೆದ ಭೇಟಿಯಲ್ಲಿ ಅವರು ಒಂದು ದೂರು ತಂದಿದ್ದರು. ಅಟ್ಯಾಕ್ ಬಂದು ಕೂತರೆ ಮಗ ಮೂರನೆಯ ಕಾರ್ಡನ್ನೇ ಮುಖದ ಮುಂದೆ ಹಿಡಿಯುತ್ತಾನಂತೆ. ಎರಡಾದ ಮೇಲೆ ಮೂರು ಬರಲೇಬೇಕು, ಅಮ್ಮ ಏಳಲೇಬೇಕು. ಎದ್ದಿಲ್ಲ ಅಂದರೆ ಕಾರ್ಡನ್ನು ಮೂಗಿಗೇ ಒತ್ತುತ್ತಾನೆ. "ಇನ್ನೂ ಎದೆ ಬಡೀತಾ ಇರುತ್ತೆ ಮೇಡಂ, ಬಿಡೋದೇ ಇಲ್ಲ." ಎರಡಕ್ಕೂ ಮೂರಕ್ಕೂ ನಡುವೆ ಇನ್ನೊಂದು ಕಾರ್ಡ್ ಬೇಕು ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಮರಳು ಗಡಿಯಾರದ ಚಿತ್ರ ಬರೆದೆವು. ಪಕ್ಕದಲ್ಲಿ ಅಮ್ಮ, ಮಗ ಇಬ್ಬರೂ ಕೂತಿದ್ದಾರೆ. ಅಮ್ಮನ ಮುಖ ಹೇಗೆ ಬರೆಯಲಿ ಎಂದು ಕೇಳಿದೆ. ಪೆನ್ಸಿಲ್ ತೆಗೆದುಕೊಂಡು ಅವರೇ ಬರೆದರು. ಬಾಯಿಗೆ ಒಂದು ನೇರ ಗೆರೆ ಎಳೆದರು.