ಲೆಸ್ಟರಿನ ಪಕ್ಕಾ, ನಮ್ಮ ಮಂಡಿಯ ಪಕ್ಕಾ

ಹೊಳಲ್ಕೆರೆ ಕಡೆಯ ಓದುಗರೊಬ್ಬರ ಪತ್ರ: ‘ಇಂಗ್ಲೆಂಡಿನ ಲೆಸ್ಟರಿನಲ್ಲಿರುವ ಮಗಳು ಅಲ್ಲಿಯ ಅಂಗಡಿಯಲ್ಲಿ ಕಂಡ ತಿನಿಸಿನ ಪೊಟ್ಟಣವೊಂದರ ಫೋಟೋ ಕಳಿಸಿದ್ದಾಳೆ. ಅದರ ಮೇಲೆ ದೊಡ್ಡದಾಗಿ “ಪಕ್ಕಾ” ಎಂದಿದೆ. ಅದು ಇಂಗ್ಲಿಷ್ ಮಾತೇ, ಡಿಕ್ಷನರಿಯಲ್ಲೂ ಇದೆ ಅನ್ನುತ್ತಾರೆ ಅಳಿಯಂದಿರು. ನಮ್ಮಣ್ಣ ಅದು ಹಿಂದಿ, ಕನ್ನಡದಲ್ಲಿ ಬಳಸಲೇಬಾರದು ಅಂತ ಹಟ ಹಿಡಿದಿದ್ದಾರೆ. ನಿಜಕ್ಕೂ ಇದು ಯಾರ ಮಾತು? ನಾವು ಬಳಸೋದೋ ಬಿಡೋದೋ?’

ಮಾನ್ಯರೇ,

ನಿಮ್ಮ ಅಳಿಯಂದಿರ ಮಾತು ಸುಳ್ಳಲ್ಲ. ಪಕ್ಕಾ ಇಂಗ್ಲಿಷ್ ನಿಘಂಟಿನಲ್ಲಿದೆ, ಅಲ್ಲಿಗೆ ಹೋಗಿ ಮುನ್ನೂರು ವರ್ಷದ ಮೇಲಾಯಿತು. ಮಗಳು ಕಂಡಿದ್ದು ಬಹುಶಃ ಲೆಸ್ಟರ್ ಸೀಮೆಯಲ್ಲೇ 1963ರಲ್ಲಿ ಶುರುವಾದ ಪಕ್ಕಾ ಪೈಸ್ ಕಂಪನಿಯ ಮಾಲು. ಮಾಂಸದ ಹೂರಣ ತುಂಬಿ ಸುಟ್ಟ ಹಿಟ್ಟಿನ ತಿನಿಸು ಅದು, ಫುಟ್‌ಬಾಲ್ ಮೈದಾನಗಳಲ್ಲಿ ಬಹಳ ಖರ್ಚಾಗುತ್ತದೆ. ಅಲ್ಲಿಯವರು ಈ ಪದವನ್ನು ‘ಯು’ ಅಕ್ಷರ ಹಾಕಿ ಬರೆಯುತ್ತಾರೆ. ಹಾಗೆಂದು ‘ಪುಕ್ಕ’ ಎಂದು ಓದಬಾರದು. ಕಪ್, ಬಸ್ ಅನ್ನುವಾಗ ಅವರ ‘ಯು’ ನಮ್ಮ ‘ಅ’ಕಾರಕ್ಕೆ ಹತ್ತಿರವಾಗಿ ಕೇಳುತ್ತದಲ್ಲ, ನಮ್ಮ ಮಾತು ಬರೆದುಕೊಳ್ಳುವಾಗಲೂ ಅದನ್ನೇ ಹಿಡಿದರು. ಬಂಗಲೆ, ಪಂಖಾ ಎಲ್ಲಕ್ಕೂ ಅವರಲ್ಲಿ ‘ಯು’ವೇ.

ನಿಮ್ಮಣ್ಣನವರ ಮಾತೂ ಅರ್ಧ ಸರಿ. ಇಂಗ್ಲಿಷಿನವರಿಗೆ ಇದು ಸಿಕ್ಕಿದ್ದು ಹಿಂದೂಸ್ತಾನಿಯಿಂದ. ಆದರೆ ಹಿಂದಿಯ ಪಕ್ಕಾ ಬಂದಿರುವುದು ಸಂಸ್ಕೃತದ ಪಕ್ವದಿಂದ. ಪಕ್ವ ಎಂದರೆ ಬೆಂದದ್ದು, ಮಾಗಿದ್ದು. ಬೆಲ್ಲದ ಪಾಕ, ಪಾಕಶಾಲೆ, ಪಚನ ಎಲ್ಲವೂ ಅದೇ ಧಾತುವಿನ ಮಕ್ಕಳು. ಇದೇ ಧಾತುವಿನ ಒಡಹುಟ್ಟು ಲ್ಯಾಟಿನ್ನಿನಲ್ಲಿ ‘ಕೊಕೆರೆ’ ಎಂದಾಯಿತು, ಬೇಯಿಸು ಎಂಬ ಅರ್ಥದಲ್ಲೇ. ಇಂಗ್ಲಿಷಿನ ‘ಕುಕ್’ ಬಂದದ್ದು ಅಲ್ಲಿಂದ. ಬಿಸ್ಕತ್ತು ಎಂದರೆ ‘ಎರಡು ಸಲ ಬೇಯಿಸಿದ್ದು’, ಅದರ ಬಾಲದಲ್ಲಿರುವುದೂ ಅದೇ ಧಾತು. ನಿಮ್ಮ ಅಡಿಗೆಮನೆಯ ಕುಕ್ಕರು, ಡಬ್ಬಿಯಲ್ಲಿರುವ ಬಿಸ್ಕತ್ತು, ಒಲೆಯ ಮೇಲಿನ ಬೆಲ್ಲದ ಪಾಕ ದೂರದ ನೆಂಟರು. ನೆಂಟಸ್ತನ ಮರೆತುಹೋದ ಮೇಲೆ, ಪಕ್ಕಾ ಹೊಸಬನಂತೆ ಮತ್ತೆ ಇಂಗ್ಲಿಷಿನ ಮನೆ ಹೊಕ್ಕಿತು.

ಹೊಕ್ಕಿದ್ದು ಯಾವ ಬಾಗಿಲಿಂದ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಹೊಗಳಿಕೆಯ ಮಾತಾಗಿ ಇದು ಹೋಗಲಿಲ್ಲ, ತಕ್ಕಡಿಯ ಮೇಲೆ ಕೂತು ಹೋಯಿತು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜಾನ್ ಫ್ರಯರ್ 1673ರಲ್ಲಿ ಬರೆದಿಟ್ಟಿರುವುದು ಆಗ್ರಾದ ಪಕ್ಕಾ ಮಣದ ಲೆಕ್ಕ, ಅದು ಸೂರತ್ತಿನ ಮಣದ ಎರಡರಷ್ಟು ಎಂದು. ವ್ಯಾಪಾರಕ್ಕೆ ಬಂದವನು ಮೊದಲು ಕಲಿಯಬೇಕಾದ ಮಾತು ಇದು. ಕಲಿಯದಿದ್ದರೆ ಅವನ ಗಂಟೇ ಹೋಗುತ್ತಿತ್ತು.

ಇದು ಎಂಥಾ ಗಂಟು ಎಂದು ತಿಳಿಯಲು ಆಗ್ರಾವರೆಗೆ ಹೋಗಬೇಕಾಗಿಲ್ಲ. ಹಳೆ ಮೈಸೂರು ಸೀಮೆಯಲ್ಲಿ ಕಚ್ಚಾ ಸೇರು 24 ತೊಲೆ. ಪಕ್ಕಾ ಸೇರು 80 ತೊಲೆಯ ಲೆಕ್ಕ. ಈಗಿನ ತೂಕದಲ್ಲಿ ಹೇಳಿದರೆ ಒಂದು ಸುಮಾರು 280 ಗ್ರಾಂ, ಇನ್ನೊಂದು ಸುಮಾರು 933 ಗ್ರಾಂ. ಮೂರು ಪಟ್ಟಿಗಿಂತ ಹೆಚ್ಚು ಅಂತರ! ಸೇರಿಗೆ ಇಷ್ಟು ಎಂದು ದರ ಕೂಗಿದರೆ, ಯಾವ ಸೇರು ಎಂದು ಕೇಳದೆ ತಲೆ ಆಡಿಸಿದ ರೈತ ಮನೆಗೆ ಒಯ್ಯುವುದೇನು? 1800–01ರಲ್ಲಿ ಮೈಸೂರು ರಾಜ್ಯ ಸುತ್ತಿದ ಫ್ರಾನ್ಸಿಸ್ ಬುಕಾನನ್ ನಮ್ಮ ಚಿತ್ರದುರ್ಗ, ದಾವಣಗೆರೆ, ಹರಿಹರಗಳನ್ನೂ ಹಾದುಹೋದ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಅಚ್ಚಾಯಿತು. ಊರೂರಿನ ಕಚ್ಚಾ ಸೇರು, ಪಕ್ಕಾ ಸೇರುಗಳ ಲೆಕ್ಕವನ್ನೂ ಅವನು ಅದರಲ್ಲಿ ಬರೆದಿದ್ದಾನೆ. ಮೆಟ್ರಿಕ್ ಪದ್ಧತಿಯ ಕಾನೂನು 1956ರಲ್ಲಿ ಬಂದ ಮೇಲೆ ಈ ಸೇರುಗಳು ಮೆಲ್ಲಗೆ ಮಂಡಿ ಬಿಟ್ಟವು. ಪಾವು, ಅಚ್ಚೇರು ಮಾತ್ರ ಅಕ್ಕಿ ಡಬ್ಬಿಯೊಳಗೆ ಉಳಿದುಕೊಂಡಿವೆ.

ತೂಕದಿಂದ ಇಟ್ಟಿಗೆಗೆ, ಇಟ್ಟಿಗೆಯಿಂದ ಮನೆಗೆ, ರಸ್ತೆಗೆ, ನೌಕರಿಗೆ ಈ ಕಚ್ಚಾ–ಪಕ್ಕಾ ಜೋಡಿ ಹಬ್ಬಿತು. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಸೇರಿ ಮಾಡಿದ, 1886ರಲ್ಲಿ ಹೊರಬಂದ ‘ಹಾಬ್ಸನ್-ಜಾಬ್ಸನ್’ ಎಂಬ ಕೋಶದಲ್ಲಿ ಇದರ ಸೊಗಸಾದ ಪಟ್ಟಿ ಇದೆ. (ಬರ್ನೆಲ್ ಮಂಗಳೂರಿನಲ್ಲಿ ಅಧಿಕಾರಿಯಾಗಿದ್ದವನು, ತುಳುನಾಡಿನ ಭೂತಾರಾಧನೆಯ ಬಗ್ಗೆ ಕೆಲಸ ಮಾಡಿದವನು. ಕೋಶ ಅಚ್ಚಾಗುವುದನ್ನು ನೋಡದೆ 1882ರಲ್ಲೇ ತೀರಿಕೊಂಡ.) ಹಸಿ ಇಟ್ಟಿಗೆ ಕಚ್ಚಾ, ಸುಟ್ಟದ್ದು ಪಕ್ಕಾ. ಒಗೆದರೆ ಬಿಡುವ ಬಣ್ಣ ಕಚ್ಚಾ, ಬಿಡದ್ದು ಪಕ್ಕಾ. ದರ್ಜಿ ಮೊದಲು ಹಾಕುವ ಟಾಕು ಕಚ್ಚಾ, ಆಮೇಲಿನದು ಪಕ್ಕಾ ಹೊಲಿಗೆ. ಕೊನೆಗೆ ಕಳ್ಳರಿಗೂ ಇದೇ ವಿಂಗಡಣೆ: ಕಚ್ಚಾ ಠಕ್ಕ ಎಂದರೆ ಸತ್ವವಿಲ್ಲದ ಪೆದ್ದ, ಪಕ್ಕಾ ಠಕ್ಕ ಎಂದರೆ ಹಿಡಿದ ಕೆಲಸವನ್ನು ಪೂರಾ ಮಾಡಿ ಮುಗಿಸುವವನು.

ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಮಾತಿನ ಒಂದು ಚೆಂದ ಎದ್ದು ಕಾಣುತ್ತದೆ. ನಾವು ‘ಪಕ್ಕಾ ಸುಳ್ಳುಗಾರ’ ಅನ್ನುತ್ತೇವೆ. ಅವನು ಹೇಳುವ ಸುಳ್ಳಿಗೆ ಮಾತ್ರ ‘ಹಸಿ ಸುಳ್ಳು’ ಎಂದು ಹೆಸರು. ಸುಳ್ಳು ಹಸಿ, ಹೇಳುವವನು ಪಕ್ವ. ಎರಡೂ ಸೇರಿ ಒಂದೇ ಬೈಗುಳ! ಕನ್ನಡ ತನ್ನ ‘ಹಸಿ’ಯನ್ನು ಬಿಟ್ಟುಕೊಡದೆ ಹೊರಗಿನ ಪಕ್ಕಾವನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದು ಹೀಗೆ. ಭೀಮಸಮುದ್ರದ, ಚನ್ನಗಿರಿಯ ಅಡಿಕೆ ಬೆಳೆಗಾರರು ಇವತ್ತಿಗೂ ‘ಹಸಿ ಅಡಿಕೆ’ ಎಂದೇ ಅನ್ನುವುದು. ಅದೇ ಬೆಳೆಗಾರರು ವ್ಯಾಪಾರ ಕುದುರಿದಾಗ ‘ರೇಟು ಪಕ್ಕಾ ಆತು’ ಅನ್ನುತ್ತಾರೆ.

ಇಂಗ್ಲೆಂಡಿಗೆ ಹಡಗು ಹತ್ತುವಾಗ ಈ ಜೋಡಿ ಅಗಲಿತು. ಅಲ್ಲಿಯ ಆಡುಮಾತಿನಲ್ಲಿ ನೆಲೆಯೂರಿದ್ದು ಪಕ್ಕಾ ಒಂದೇ. ಕಚ್ಚಾ ಭಾರತದಲ್ಲೇ, ಭಾರತದವರ ಇಂಗ್ಲಿಷಿನಲ್ಲೇ ಉಳಿಯಿತು. ಎದುರು ಮಾತು ಇಲ್ಲದ ಮೇಲೆ ಪಕ್ಕಾದ ತೂಕವೂ ಕರಗಿತು, ‘ಸಾಚಾ’, ‘ಮೇಲ್ದರ್ಜೆಯದು’ ಎಂಬ ಬರೀ ಹೊಗಳಿಕೆ ಆಯಿತು. ಅದರಲ್ಲೂ ‘ಪಕ್ಕಾ ಸಾಹೇಬ್’ ಎಂಬ ಮಾತು ನನಗೆ ನೋವು ಕೊಡುತ್ತದೆ. ಕುಲೀನ ಬಿಳಿಯನಿಗೆ ಮೀಸಲಾದ ಬಿರುದು ಅದು. ಈ ನೆಲದ ಮನುಷ್ಯ ಎಷ್ಟೇ ಓದಿದರೂ, ಎಷ್ಟೇ ದೊಡ್ಡ ಹುದ್ದೆಗೇರಿದರೂ ಅದಕ್ಕೆ ಹಕ್ಕುದಾರನಾಗುತ್ತಿರಲಿಲ್ಲ. ನಮ್ಮ ಮಂಡಿಯಿಂದ ಒಯ್ದ ಮಾತಿನಲ್ಲೇ ನಮ್ಮನ್ನು ಹೊರಗಿಟ್ಟರು. ಜಾರ್ಜ್ ಆರ್ವೆಲ್ ಬರ್ಮಾ ಕುರಿತ ತನ್ನ 1934ರ ಕಾದಂಬರಿಯಲ್ಲಿ ಈ ಪಕ್ಕಾ ಸಾಹೇಬರ ಕಟ್ಟುಪಾಡಿನ ಒಳಗಿನ ಕೊಳೆಯನ್ನು ಬಿಚ್ಚಿಟ್ಟ. ಸಾಹೇಬರ ಕಾಲ ಮುಗಿದ ಮೇಲೂ ಪದ ಸಾಯಲಿಲ್ಲ. ಲಂಡನ್ನಿನ ಬೀದಿ ಮಾತಿನಲ್ಲಿ ‘ಭಾರಿ ಚೆನ್ನಾಗಿದೆ’ ಎಂಬ ಅರ್ಥದಲ್ಲಿ ಓಡಾಡಿತು. 1999ರಲ್ಲಿ ಜೇಮೀ ಆಲಿವರ್ ಎಂಬ ಯುವ ಬಾಣಸಿಗ ಟಿವಿಯಲ್ಲಿ ಮಾತುಮಾತಿಗೂ ಬಳಸಿ ಅದನ್ನು ಮನೆಮನೆಗೆ ತಲುಪಿಸಿದ.

ನಮ್ಮಲ್ಲಿ ಜೋಡಿ ಇನ್ನೂ ಅಗಲಿಲ್ಲ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ಮಾರಿದವರಿಗೆ ಬಿಳಿ ಹಾಳೆಯ ಮೇಲೆ ಪೆನ್ನಲ್ಲಿ ಗೀಚಿದ ಕಚ್ಚಾ ಚೀಟಿಗೂ ನಂಬರಿರುವ ಪಕ್ಕಾ ಬಿಲ್ಲಿಗೂ ಇರುವ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಮುಂಬಯಿ ಸೀಮೆಯ ಪೇಟೆ ಪದ್ಧತಿಯಲ್ಲಿ ಕಚ್ಚಾ ಅಡತಿ ಬರೀ ನಡುವಿನ ದಲಾಲಿ. ಪಕ್ಕಾ ಅಡತಿಯಾದರೆ ವ್ಯವಹಾರ ನೆರವೇರುವುದಕ್ಕೆ ತಾನೇ ಹೊಣೆ. ಕೋರ್ಟುಗಳೂ ಈ ವ್ಯತ್ಯಾಸ ಒಪ್ಪಿ ತೀರ್ಪು ಕೊಟ್ಟಿವೆ. ಲೆಸ್ಟರಿನ ಪಕ್ಕಾದಲ್ಲಿ ರುಚಿ ಇರಬಹುದು, ಈ ಹೊಣೆ ಇಲ್ಲ.

ಒಂದು ಕಡೆ ಮಾತ್ರ ಈ ಜೋಡಿ ನಮಗೂ ಅನ್ಯಾಯ ಮಾಡಿದೆ. ಸರ್ಕಾರಿ ಲೆಕ್ಕದಲ್ಲಿ ಮನೆಗಳನ್ನು ಕಚ್ಚಾ, ಪಕ್ಕಾ ಎಂದು ವಿಂಗಡಿಸುವ ಪದ್ಧತಿ ಇದೆ. ಮಣ್ಣಿನ ಗೋಡೆ, ಮಣ್ಣಿನ ಸೂರು ಎಂದರೆ ಕಚ್ಚಾ. ಚಿತ್ರದುರ್ಗ ಸೀಮೆಯ ಮಾಳಿಗೆ ಮನೆ ನೋಡಿದವರು ಇದನ್ನು ಒಪ್ಪುವುದು ಹೇಗೆ? ತೊಲೆ, ಜಂತೆ, ಅದರ ಮೇಲೆ ಸೊಪ್ಪು, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಕರಲು (ಚೌಳು) ಮಣ್ಣು ತಂದು ಮಾಳಿಗೆ ಮೇಲೆ ಹರಡಿ, ತುಳಿದು, ನೀರು ಅಂಚಿನ ಕುಂಬಿಯ ಕಡೆ ಹರಿಯುವಂತೆ ಇಳಿಜಾರು ಕೊಡುತ್ತಿದ್ದರು. ಮೇ ತಿಂಗಳ ಮಧ್ಯಾಹ್ನ ಆರ್‌ಸಿಸಿ ಕೆಳಗೆ ಕೂತು ಆಮೇಲೆ ಅಂಥ ಮನೆಯ ನಡುಮನೆಗೆ ಹೋಗಿ ಕೂತರೆ, ಯಾವುದು ಕಚ್ಚಾ ಎಂದು ಮೈಯೇ ಹೇಳುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಧಾರಾಳವಾಗಿ ಬಳಸಿ. ದಾವಣಗೆರೆ ಪೇಟೆಯೇ ಹೈದರಾಲಿ ಜಹಗೀರು ಕೊಟ್ಟ ಅಪೋಜಿರಾಮ್ ಎಂಬ ಮರಾಠಾ ಸರದಾರ ವರ್ತಕರನ್ನು ಕರೆದು ನೆಲೆಗೊಳಿಸಿದ್ದು. ಕನ್ನಡ, ಉರ್ದು, ಮರಾಠಿ, ತೆಲುಗು ಒಟ್ಟಿಗೆ ದರ ಮಾತಾಡಿದ ಜಾಗದಲ್ಲಿ ಒಂದು ಪದವನ್ನು ಹೊರಗಿನದೆಂದು ಹೆಕ್ಕಿ ತೆಗೆಯಲು ಹೊರಟರೆ, ಮಂಡಿ, ದಲಾಲಿ, ರೈತ, ತಾಲ್ಲೂಕು ಯಾವುದೂ ಕೈಗೆ ಉಳಿಯುವುದಿಲ್ಲ. ಆದರೆ ಅಣ್ಣನವರ ಕಾಳಜಿಯನ್ನು ತಳ್ಳಿಹಾಕಬೇಡಿ. ಅಪ್ಪಟ, ಗಟ್ಟಿ, ಖಂಡಿತ, ಮಾಗಿದ, ಪಳಗಿದ ಎಂಬ ಬೇರೆಬೇರೆ ಮಾತುಗಳು ಇರುವ ಕಡೆಯೆಲ್ಲ ಪಕ್ಕಾ ಒಂದನ್ನೇ ಒತ್ತುತ್ತಾ ಹೋದರೆ ನಷ್ಟ ನಮ್ಮದೇ. ಅಪ್ಪಟ ಬೆಣ್ಣೆ, ಗಟ್ಟಿ ಗೋಡೆ, ಪಳಗಿದ ಕೈ ಎಂದಾಗಿನ ಸ್ವಾದ ಬೇರೆಯೇ. ಬರೆಯುವಾಗ ಕೊನೆಯ ದೀರ್ಘ ಬಿಡಬೇಡಿ, ಬಿಟ್ಟರೆ ‘ಪಕ್ಕಾ ಮನೆ’ ಹೋಗಿ ‘ಪಕ್ಕದ ಮನೆ’ಯ ಕಡೆ ವಾಲುತ್ತದೆ.

ನಿಮ್ಮ ಊರಲ್ಲಿ ಕಚ್ಚಾ ಸೇರಿನಲ್ಲಿ ಅಳೆದ, ತೂಗಿದ ಹಿರಿಯರು ಇದ್ದರೆ ಅವರಿಂದ ಕೇಳಿ ನಮಗೆ ಬರೆಯಿರಿ. ಯಾವ ಮಾಲಿಗೆ ಯಾವ ಸೇರು ನಡೆಯುತ್ತಿತ್ತು, ಬೆಲ್ಲಕ್ಕೆ ಯಾವುದು, ಹತ್ತಿಗೆ ಯಾವುದು, ಮೆಣಸಿನಕಾಯಿಗೆ ಯಾವುದು ಎಂಬ ವಿವರ ಬಂದರೆ ಮುಂದಿನ ಸಂಚಿಕೆಗಳಲ್ಲಿ ಅಚ್ಚು ಹಾಕುತ್ತೇವೆ.

– ಸಂಪಾದಕ